ಅನ್ನ ಸೋಕಿದ ಗೊಜ್ಜು

ಆಂಡಾಳ್ ತೀರಿಕೊಂಡು ನಾಳೆಗೆ ಎರಡು ತಿಂಗಳು. ಬೆಳಗಿನ ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಕುರ್ಚಿಯಲ್ಲಿ ಕೂತವಳು ಕೂತ ಹಾಗೇ ಹೋದಳು. ಎಪ್ಪತ್ತೆರಡು ವರ್ಷ. ಲೋಟ ತೊಳೆದಿಟ್ಟೇ ಹೋದಳು ಎಂದು ಕೇಳಿದಾಗ ಅವಳನ್ನು ಬಲ್ಲವರಿಗೆ ಅಳುವಿನ ನಡುವೆಯೂ ನಗು ಬಂತು. ಎಂಜಲು ಲೋಟ ಬಿಟ್ಟು ಬೀದಿಯ ಕೊನೆಯ ಅಂಗಡಿಗೂ ಹೊರಡದವಳು, ಅಷ್ಟು ದೂರ ಹೇಗೆ ಹೊರಟಾಳು?

ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯ ಹಿಂದಿನ ಪುಟ್ಟ ಮನೆ ಅವಳದು. ಮೆಜೆಸ್ಟಿಕ್ ಹತ್ತಿರದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿದ್ದಳು. ಪಕ್ಕದ ಮೇಜಿನಲ್ಲಿ ಅಷ್ಟೇ ವರ್ಷ ಕೂತವಳು ಮಹಾನಂದ. ಚಾಮರಾಜಪೇಟೆಯವಳು. ಅವಳ ಅಣ್ಣ ಪರಮಶಿವಯ್ಯನಿಗೆ ತರಗುಪೇಟೆಯಲ್ಲಿ ಹುಣಸೆಹಣ್ಣು, ಬೇಳೆಗಳ ಅಂಗಡಿ. ವರ್ಷಕ್ಕೊಮ್ಮೆ ಹೊಸ ಹುಣಸೆ ಬಂದಾಗ ನಾರು ಬೀಜ ತೆಗೆದದ್ದನ್ನು ಎರಡು ಕೆಜಿ ಕಟ್ಟಿಸಿಕೊಂಡು ಮಹಾನಂದ ಆಂಡಾಳ್ ಮನೆಗೆ ತರುತ್ತಿದ್ದಳು. ಆ ಹುಣಸೆಯಿಂದ ಆಂಡಾಳ್ ಪುಳಿಯೋಗರೆ ಗೊಜ್ಜು ಮಾಡುತ್ತಿದ್ದಳು. ಎಳ್ಳೆಣ್ಣೆ ಮೇಲೆ ತೇಲುವ ತನಕ ಸಣ್ಣ ಉರಿಯಲ್ಲಿ ಕುದಿಸಿ, ಎಣ್ಣೆ ಒಳಗಿಳಿದು ಗಟ್ಟಿಯಾಗಲು ಎರಡು ದಿನ ಆರಲು ಬಿಟ್ಟು, ಬಾಟಲಿಗೆ ತುಂಬಿದರೆ ಆರು ತಿಂಗಳು ಕೆಡುತ್ತಿರಲಿಲ್ಲ. ಕಚೇರಿಯಲ್ಲಿ ಅದಕ್ಕಾಗಿ ಮುನಿಸುಗಳೇ ಆಗಿದ್ದವು.

ಆದರೆ ಮಹಾನಂದ ತಂದ ಹುಣಸೆ ಅಡುಗೆಮನೆಯ ಹೊಸಿಲು ದಾಟುತ್ತಿತ್ತು, ಮಹಾನಂದ ದಾಟುತ್ತಿರಲಿಲ್ಲ. ಆಂಡಾಳ್ ಅತ್ತೆಯ ಕಾಲದ ಕಟ್ಟಳೆ ಅದು. ಒಳಗೆ ಯಾರು ಬರಬಹುದು, ಉಪ್ಪಿನಕಾಯಿ ಜಾಡಿ ಯಾವ ಕೈ ಮುಟ್ಟಬಹುದು, ಎಲ್ಲಕ್ಕೂ ಲೆಕ್ಕವಿತ್ತು. ಎಲ್ಲಕ್ಕಿಂತ ದೊಡ್ಡದು ಮುಸುರೆಯ ಲೆಕ್ಕ. ಬೆಂದ ಅನ್ನ ಸೋಕಿದ್ದೆಲ್ಲ ಮುಸುರೆ. ಮುಸುರೆ ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟುವಂತಿಲ್ಲ. ಗೊಜ್ಜು ಬಾಟಲಿಯಲ್ಲಿರುವ ತನಕ ಮುಸುರೆ ಅಲ್ಲ, ಯಾರಿಗೆ ಬೇಕಾದರೂ ಕೊಡಬಹುದು, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಅನ್ನಕ್ಕೆ ಕಲಸಿದ ಕ್ಷಣ ಮುಸುರೆ. ಹಾಗಾಗಿ ಮಹಾನಂದ ಕಚೇರಿಯ ಮೂವತ್ತನಾಲ್ಕು ವರ್ಷವೂ, ನಿವೃತ್ತಿಯಾದ ಮೇಲೂ, ಬಾಟಲಿ ಮನೆಗೆ ಒಯ್ದು ತಾನೇ ಕಲಸಿಕೊಂಡು ತಿಂದಳು. ಆಂಡಾಳ್ ಕೈಯಲ್ಲಿ ಕಲಸಿದ ಪುಳಿಯೋಗರೆ ಅವಳಿಗೆ ಸಿಕ್ಕಿದ್ದಿಲ್ಲ. ಅತ್ತೆ ಸತ್ತು ಇಪ್ಪತ್ತು ವರ್ಷವಾದ ಮೇಲೂ ಅಷ್ಟೇ.

"ಇನ್ನು ಯಾರಿಗೆ ಹೆದರ್ತೀಯೆ?" ಎಂದು ಮಹಾನಂದ ಒಮ್ಮೆ ಹೊಸಿಲ ಹೊರಗೆ ನಿಂತು ಕೇಳಿದ್ದಳು.

"ಹೆದರಿಕೆ ಅಲ್ವೆ. ಅಭ್ಯಾಸ."

ಮಹಾನಂದ ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೇ ಆಂಡಾಳನ್ನು ಚುಚ್ಚುತ್ತಿತ್ತು.

ಹೋದ ವರ್ಷ ಮಹಾನಂದಳಿಗೆ ಗಂಟಲಲ್ಲಿ ಗಡ್ಡೆ ಕಾಣಿಸಿತು. ಅವಳ ತಂಗಿ ಶಿವಗಂಗಾ ಪುಣೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಚಿಕಿತ್ಸೆಗೆ ಅಲ್ಲಿಗೇ ಕರೆಸಿಕೊಂಡಳು. ಗಡ್ಡೆ ಕರಗಿತು, ಆದರೆ ಅದರ ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ಒಂದು ಭಾನುವಾರ ಮಧ್ಯಾಹ್ನ ಶಿವಗಂಗಾ ಫೋನ್ ಮಾಡಿದಳು.

"ಆಂಡಾಳಕ್ಕಾ, ಅಕ್ಕ ಎಂಟು ದಿನದಿಂದ ಏನೂ ತಿಂತಿಲ್ಲ. ನುಂಗಕ್ಕೆ ಆಗುತ್ತೆ, ಮನಸ್ಸಿಲ್ಲ. ಎಲ್ಲಾ ಮಣ್ಣು ಮಣ್ಣು ಅಂತಾಳೆ. ಬುಧವಾರದ ತನಕ ನೋಡಿ ಮೂಗಿಗೆ ನಳಿಗೆ ಹಾಕ್ತೀವಿ ಅಂದಿದಾರೆ ಡಾಕ್ಟ್ರು. ಒಂದ್ಸಲ ಹಾಕಿದ್ರೆ ಇವಳು ಮತ್ತೆ ಬಾಯಲ್ಲಿ ತಿನ್ನೋದು ನಂಗೆ ಅನುಮಾನ."

"ಏನಾದ್ರೂ ಬೇಕು ಅಂದ್ಳಾ?"

"ಆಂಡಾಳ್ ಗೊಜ್ಜಾದ್ರೆ ಎರಡು ತುತ್ತು ತಿಂದೇನು ಅಂದ್ಳು. ಅಂದು ಆ ಕಡೆ ತಿರುಗಿ ಮಲಗಿದ್ಳು."

ಅಂಚೆಗೆ ಹಾಕಿದರೆ ಬುಧವಾರ ದಾಟುತ್ತಿತ್ತು. ರೈಲಿನಲ್ಲಿ ಅಷ್ಟು ಹೊತ್ತು ಕೂರಲು ಆಂಡಾಳ್ ಬೆನ್ನು ಒಪ್ಪುತ್ತಿರಲಿಲ್ಲ. ಅವಳ ಅಣ್ಣನ ಮಗ ಮಧುಸೂದನ್ ಮಂಗಳವಾರಕ್ಕೆ ವಿಮಾನದ ಟಿಕೆಟ್ ಮಾಡಿಸಿದ. ಎಲ್ಲಕ್ಕಿಂತ ಅಗ್ಗದ್ದು, ಏಳು ಕೆಜಿಯ ಕೈಚೀಲ ಒಂದೇ, ವಿಮಾನದ ಹೊಟ್ಟೆಗೆ ಹಾಕುವ ಲಗೇಜು ಇಲ್ಲ. ಬೆನ್ನುನೋವು ಎಂದು ವೀಲ್‌ಚೇರ್ ಕೂಡ ಬರೆಸಿದ್ದ. ಎಪ್ಪತ್ತೊಂದರಲ್ಲಿ ಆಂಡಾಳ್‌ಗೆ ಅದು ಮೊದಲ ವಿಮಾನ.

ಸೋಮವಾರ ಸಂಜೆ ಅವನು ಫೋನಿನಲ್ಲಿ ನಿಯಮಗಳನ್ನು ಓದಿ ಹೇಳಿದ.

"ಅತ್ತೆ, ಉಪ್ಪಿನಕಾಯಿ ಬಿಡಲ್ವಂತೆ."

"ಇದು ಉಪ್ಪಿನಕಾಯಿ ಅಲ್ವಲ್ಲೋ."

"ಎಣ್ಣೆ ಇದ್ರೆ ತಕರಾರು ಮಾಡ್ತಾರತ್ತೆ. ಸುಮ್ನೆ ಅನ್ನಕ್ಕೆ ಕಲಸಿ ತಗೊಂಡ್ಹೋಗ್ಬಿಡಿ."

"ಮುಸುರೆ ಕಟ್ಕೊಂಡು ಆಕಾಶದಲ್ಲಿ ಹಾರ್ಲಾ? ಹೋಗೋ, ಕೆಲಸ ನೋಡ್ಕೋ."

ಕಡೆಗೆ ಗಾಜು ಒಡೆದೀತೆಂದು ಪ್ಲಾಸ್ಟಿಕ್ ಬಾಟಲಿಗೆ ಗೊಜ್ಜು ಬಗ್ಗಿಸಿ, ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸುತ್ತಿ ಚೀಲಕ್ಕಿಟ್ಟಳು. ದಾರಿಗೆಂದು ತನ್ನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯಲ್ಲಿ ಹುರಿದ ಅವಲಕ್ಕಿ ತುಂಬಿಕೊಂಡಳು. ಹೊರಗಿನ ಅನ್ನ ಅವಳು ತಿಂದವಳೇ ಅಲ್ಲ.

ಹೆಬ್ಬಾಳದಲ್ಲಿ ಟ್ರಾಫಿಕ್ ಮುಕ್ಕಾಲು ಗಂಟೆ ತಿಂದಿತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಮಧುಸೂದನ್ ಅವಳನ್ನು ವೀಲ್‌ಚೇರ್ ತಳ್ಳುವ ಹುಡುಗಿಗೆ ಒಪ್ಪಿಸಿ ಹೊರಟ. ಅವಳ ಹೆಸರು ಪ್ರತಿಭಾ. ಅಲ್ಲೇ ಹತ್ತಿರದ ಹಳ್ಳಿಯವಳು, ಮಾತಿಗೆ ಮುಂದು.

"ಕಾಲು ಮೇಲಿಟ್ಕೊಳ್ಳಿ ಅಜ್ಜಿ, ರೊಯ್ ಅಂತ ಕರ್ಕೊಂಡ್ಹೋಗ್ತೀನಿ."

ತಪಾಸಣೆಯ ಯಂತ್ರದೊಳಗೆ ಚೀಲ ಹೋಯಿತು. ಹೊರಗೆ ಬರುವಾಗ ಉಳಿದವರ ಚೀಲಗಳೆಲ್ಲ ಒಂದು ದಾರಿ ಹಿಡಿದವು, ಆಂಡಾಳ್ ಚೀಲ ಇನ್ನೊಂದು ದಾರಿ ಹಿಡಿಯಿತು. ಅಧಿಕಾರಿ ಸೀರೆಯ ತುಂಡು ಬಿಚ್ಚಿ ಬಾಟಲಿ ಎತ್ತಿದ. ಉತ್ತರದ ಕಡೆಯವನು, ಕನ್ನಡ ಕಲಿತಿದ್ದ.

"ಅಮ್ಮ, ಇದು ಏನು?"

"ಪುಳಿಯೋಗರೆ ಗೊಜ್ಜು."

"ಇದು ಲಿಕ್ವಿಡ್. ಬಿಡೋದು ಇಲ್ಲ."

ಆಂಡಾಳ್ ಬಾಟಲಿ ಈಸಿಕೊಂಡು ಮುಚ್ಚಳ ತೆಗೆದು ಬೋರಲು ಹಿಡಿದಳು. ಹಿಂದಿನ ಸಾಲಿನವರು ಹೌಹಾರಿ ಹಿಂದಕ್ಕೆ ಸರಿದರು. ಒಂದು ಹನಿ ಬೀಳಲಿಲ್ಲ.

"ಬಿತ್ತೇನಪ್ಪ?"

"ಬೀಳಲಿಲ್ಲ ಅಮ್ಮ. ಆದ್ರೂ ಲಿಕ್ವಿಡ್. ಚಮಚದಲ್ಲಿ ಹಚ್ಚೋಕೆ ಬಂದ್ರೆ ಲಿಕ್ವಿಡ್."

"ಈಗ ಆ ಮನುಷ್ಯರು ಎರಡು ಕೆಜಿ ಮೈಸೂರು ಪಾಕ್ ತಗೊಂಡು ಹೋದ್ರಲ್ಲ, ಹಿಂಡಿದ್ರೆ ಅರ್ಧ ಲೀಟ್ರು ತುಪ್ಪ ಬರುತ್ತೆ. ಅದು?"

"ಅದು ಸಾಲಿಡ್."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿಗೂ ನಗು ಬಂದಿರಬೇಕು, ಆದರೆ ಅವನು ನಗುವ ಹಾಗಿರಲಿಲ್ಲ. ದಾರಿ ಎರಡೇ ಎಂದ. ಹಿಂದಕ್ಕೆ ಹೋಗಿ ಲಗೇಜಿಗೆ ಹಾಕಿಸಬೇಕು, ಇಲ್ಲವೇ ಇಲ್ಲಿ ಬಿಡಬೇಕು. ಪ್ರತಿಭಾ ಗಡಿಯಾರ ನೋಡಿದಳು. ಲಗೇಜು ತೆಗೆದುಕೊಳ್ಳುವ ಕೌಂಟರ್ ಮುಚ್ಚಿ ಹತ್ತು ನಿಮಿಷವಾಗಿತ್ತು.

ಬಿಟ್ಟು ಹೋದ ಸಾಮಾನಿನ ಡಬ್ಬ ಪಕ್ಕದಲ್ಲೇ ಇತ್ತು. ಆಂಡಾಳ್ ಬಗ್ಗಿ ನೋಡಿದಳು. ಕತ್ತರಿ, ಸೆಂಟು ಬಾಟಲಿ, ಯಾರದೋ ಮನೆಯ ಮಿಡಿ ಮಾವಿನಕಾಯಿ. ಅದನ್ನು ಹಾಕಿದ ಕೈ, ತೆಗೆದುಕೊಂಡು ಹೋಗಲಾಗದೆ ತಿರುಗಿ ನೋಡಿದ ಕಣ್ಣು, ಎರಡೂ ಅವಳಿಗೆ ಕಂಡವು. ನಾಳೆ ಬುಧವಾರ. ಬರಿಗೈಯಲ್ಲಿ ಹೋಗಿ ಮಹಾನಂದಳ ಮಂಚದ ಪಕ್ಕ ನಿಂತು ಏನು ಹೇಳುವುದು? ನಿಯಮ ಇತ್ತು ಕಣೆ, ಅಂತಲೇ? ಆ ಮಾತನ್ನು ಮಹಾನಂದ ಹೊಸಿಲಾಚೆ ನಿಂತು ಇಷ್ಟು ವರ್ಷವೂ ಕೇಳಿದ್ದಾಳೆ.

"ಅಪ್ಪಾ," ಎಂದಳು ಆಂಡಾಳ್, "ಅನ್ನಕ್ಕೆ ಕಲಸಿದ್ರೆ ಬಿಡ್ತೀಯಾ?"

"ಕಲಸಿದ್ರೆ ಅದು ಊಟ. ಊಟದ ಡಬ್ಬಿ ಬಿಡ್ತೀವಿ."

ಆಂಡಾಳ್ ಅತ್ತೆಯ ಕಟ್ಟಳೆಯನ್ನೇ ಯಾರೋ ತೆಗೆದುಕೊಂಡು ಬೋರಲು ಹಾಕಿದ್ದರು. ಅಲ್ಲಿ ಅನ್ನ ಸೋಕಿದರೆ ಮೈಲಿಗೆ, ಇಲ್ಲಿ ಅನ್ನ ಸೋಕಿದರೆ ಮಡಿ. ಎರಡಕ್ಕೂ ಕಾರಣ ಕೇಳುವ ಹಾಗಿಲ್ಲ.

"ಇಲ್ಲಿ ಬರೀ ಅನ್ನ ಎಲ್ಲಿ ಸಿಗುತ್ತಮ್ಮ?" ಎಂದು ಪ್ರತಿಭಾಳನ್ನು ಕೇಳಿದಳು.

"ಹೋಟ್ಲಲ್ಲಿ ಬಿರಿಯಾನಿ, ಫ್ರೈಡ್ ರೈಸು ಸಿಗುತ್ತೆ. ಬರೀ ಅನ್ನ..." ಪ್ರತಿಭಾ ತಡೆದಳು. "ನನ್ನ ಊಟದ ಡಬ್ಬಿಲಿ ಐತೆ ಅಜ್ಜಿ. ನಮ್ಮಮ್ಮ ಕಟ್ಟಿರೋದು. ಸಾರು ಬೇರೆ ಡಬ್ಬಿಲೈತೆ, ಅನ್ನಕ್ಕೆ ತಾಗಿಲ್ಲ. ಆದ್ರೆ ನೀವು..." ಎಂದು ಆಂಡಾಳ್ ಹಣೆಯ ನಾಮವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದಳು. "ನಮ್ಮನೆ ಅನ್ನ ನಿಮ್ಗೆ ಆಗುತ್ತಾ?"

ಆ ಪ್ರಶ್ನೆ ಎಲ್ಲಿಂದ ಬಂತೆಂದು ಆಂಡಾಳ್‌ಗೆ ಗೊತ್ತಿತ್ತು. ಅಂಥ ಪ್ರಶ್ನೆ ಕೇಳುವುದನ್ನು ಆ ಹುಡುಗಿಗೆ ಕಲಿಸಿದವರಲ್ಲಿ ತಾನೂ ಒಬ್ಬಳು ಎಂಬುದೂ ಆಗ ಗೊತ್ತಾಯಿತು.

"ಆಗುತ್ತೆ ಕಣಮ್ಮ. ಓಡು."

ಪ್ರತಿಭಾ ಓಡಿದಳು. ಐದು ನಿಮಿಷದಲ್ಲಿ ಏದುಸಿರು ಬಿಡುತ್ತ ಬಂದಳು. ಸಾಲಿನಿಂದ ಆಚೆ ಒಂದು ಬೆಂಚಿನ ಪಕ್ಕ ವೀಲ್‌ಚೇರ್ ನಿಂತಿತು. ಆಂಡಾಳ್ ಅವಲಕ್ಕಿಯನ್ನೆಲ್ಲ ಪ್ರತಿಭಾಳ ಡಬ್ಬಿಯ ಮುಚ್ಚಳಕ್ಕೆ ಸುರಿದು, ಅವಳ ಅನ್ನವನ್ನು ತನ್ನ ಡಬ್ಬಿಗೆ ಹಾಕಿಕೊಂಡಳು. ಅನ್ನ ಇನ್ನೂ ನಸುಬಿಸಿ ಇತ್ತು, ಒಂದೊಂದು ಅಗುಳೂ ಬಿಡಿ.

"ನಿಮ್ಮಮ್ಮನ ಹೆಸರೇನೆ?"

"ಚಿಕ್ಕಮುನಿಯಮ್ಮ."

"ಪುಳಿಯೋಗರೆಗೇ ಮಾಡಿದ ಹಾಗೆ ಉದುರಾಗಿ ಮಾಡಿದಾರೆ. ಹೇಳು ಅವರಿಗೆ."

"ಅಯ್ಯೋ, ಅಕ್ಕಿ ಹಳೇದು ಅಜ್ಜಿ, ಅದಕ್ಕೆ."

ಆಂಡಾಳ್ ನೀರಿನ ಬಾಟಲಿಯಿಂದ ಕೈ ತೊಳೆದು, ಅಷ್ಟು ಜನರ ನಡುವೆ, ಸೂಟ್‌ಕೇಸುಗಳ ಗಡಗಡ ಸದ್ದಿನಲ್ಲಿ, ಗೊಜ್ಜು ಹಾಕಿ ಕಲಸಿದಳು. ಅಗುಳು ಒಡೆಯದಂತೆ, ಬೆರಳ ತುದಿಯಲ್ಲಿ, ಮನೆಯಲ್ಲಿ ಕಲಸುವ ಹಾಗೇ. ಎಳ್ಳೆಣ್ಣೆ, ಹುರಿದ ಮೆಂತ್ಯದ ಘಮ ಎದ್ದಿತು. ಬೆಂಚಿನ ಆ ತುದಿಯಲ್ಲಿ ಲ್ಯಾಪ್‌ಟಾಪ್ ನೋಡುತ್ತಿದ್ದವನು ತಲೆಯೆತ್ತಿದ. ಅನ್ನ ಹಿಡಿಯುವಷ್ಟಕ್ಕಿಂತ ಒಂದು ಹಿಡಿ ಜಾಸ್ತಿಯೇ ಗೊಜ್ಜು ಹಾಕಿದಳು. ಉಳಿದ ಬಾಟಲಿಯನ್ನು ಪ್ರತಿಭಾಳ ಕೈಗಿಟ್ಟಳು.

"ಅಷ್ಟೂ ನಂಗಾ?"

"ನಿನ್ನ ಊಟ ಕಿತ್ಕೊಂಡಿದೀನಲ್ಲೇ."

ಮತ್ತೆ ಅದೇ ಯಂತ್ರ, ಅದೇ ಅಧಿಕಾರಿ. ಡಬ್ಬಿ ತೆರೆದು ಮೂಸಿದ.

"ಅಮ್ಮ, ಇದು ಅದೇ ಅಲ್ವಾ?"

"ಅದೇ. ಈಗ ಸಾಲಿಡ್."

ಅವನು ಈ ಸಲ ನಕ್ಕ. ಮುಚ್ಚಳ ತಾನೇ ಒತ್ತಿ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ವಿಮಾನದಲ್ಲಿ ಆಂಡಾಳ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕಲಸಿದ ಮೇಲೆ ಮುಸುರೆ ಕೈ ತೊಳೆಯಲು ಮರೆತೇ ಹೋಗಿತ್ತು. ನೆನಪಾದದ್ದು ವಿಮಾನ ಇಳಿಯುವಾಗ. ಬೆರಳು ಮೂಸಿ ನೋಡಿದಳು. ಹುಣಸೆ, ಎಳ್ಳೆಣ್ಣೆ. ಮತ್ತೇನೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಮಹಾನಂದ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದಿಗಲ್ಲ, ಅದರ ಹಿಂದೆಯೇ ಬಂದ ಘಮಕ್ಕೆ ಈಚೆ ತಿರುಗಿದಳು.

"ಕಲಸ್ಕೊಂಡ್ ಬಂದಿದೀಯಾ?" ದನಿ ಕೀರಲಾಗಿತ್ತು.

"ಹೂಂ."

"ನೀನೇ?"

"ನಾನೇ ಕಣೆ."

"ಅನ್ನ ಯಾರ್ದು?"

"ವೀಲ್‌ಚೇರ್ ತಳ್ಳಿದ ಹುಡುಗಿದು. ಅವರಮ್ಮ ಚಿಕ್ಕಮುನಿಯಮ್ಮ ಮಾಡಿದ್ದು."

ಮಹಾನಂದ ಅವಳನ್ನೇ ನೋಡಿದಳು. "ನಿಮ್ಮತ್ತೆ ಈಗ ಮೇಲಿಂದ ಇಳಿದು ಬರ್ತಾರೆ ನೋಡು."

"ಬರ್ಲಿ. ಅವರಿಗೂ ಒಂದು ತುತ್ತು ಇಡ್ತೀನಿ. ಬಾಯಿ ತೆಗಿ ನೀನು."

ಮೊದಲ ತುತ್ತು ಬಾಯಲ್ಲಿ ಬಹಳ ಹೊತ್ತು ಇತ್ತು. ಶಿವಗಂಗಾ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಮಹಾನಂದ ನುಂಗಿದಳು.

"ಹುಳಿ ಗೊತ್ತಾಯ್ತು," ಎಂದಳು. ಎರಡನೆಯ ತುತ್ತು ನುಂಗಿ, "ನಮ್ಮ ಅಂಗಡಿ ಹುಣಸೆ."

ಆ ಸಂಜೆ ಆರು ತುತ್ತು. ಮಾರನೆಯ ಬೆಳಿಗ್ಗೆ ಉಳಿದದ್ದನ್ನು ಇಬ್ಬರೂ ಒಂದೇ ಡಬ್ಬಿಯಿಂದ ತಿಂದರು. ಬುಧವಾರ ಡಾಕ್ಟರು ಬಂದು, ಖಾಲಿ ಡಬ್ಬಿ ನೋಡಿ, ನಳಿಗೆ ಈಗ ಬೇಡ, ಇನ್ನೊಂದು ವಾರ ನೋಡೋಣ ಎಂದರು. ಆಮೇಲೂ ನಳಿಗೆ ಬೇಕಾಗಲಿಲ್ಲ.

ಹೊರಡುವಾಗ ಮಹಾನಂದ ಡಬ್ಬಿ ತೊಳೆಸಿ ಕೊಡಲು ಹೋದಳು. ಆಂಡಾಳ್ ತೆಗೆದುಕೊಳ್ಳಲಿಲ್ಲ. "ಇಟ್ಕೋ. ಬೆಂಗಳೂರಿಗೆ ಬಂದಾಗ ನೀನೇ ತಗೊಂಡು ಬಾ. ನನ್ನ ಕೈಗೆ ಕೊಡ್ಬೇಡ. ಒಳಗೆ ಹೋಗಿ, ಒಲೆ ಪಕ್ಕದ ಕಪಾಟಲ್ಲಿ ಇಡು."

ಮೂರು ತಿಂಗಳ ಮೇಲೆ ಮಹಾನಂದ ಹಾಗೆಯೇ ಮಾಡಿದಳು. ಹೊಸಿಲ ಬಳಿ ಅಭ್ಯಾಸಬಲದಿಂದ ನಿಂತವಳನ್ನು ಆಂಡಾಳ್ ಒಳಗಿನಿಂದ ಗದರಿದಳು: "ಗೊಜ್ಜು ತಳ ಹಿಡೀತಿದೆ, ಅಲ್ಲೇನು ಶಿಲೆ ಹಾಗೆ ನಿಂತಿದೀಯೆ, ಬಂದು ಕೈಯಾಡಿಸು." ಅವತ್ತಿನಿಂದ ಆಂಡಾಳ್ ಹೋಗುವ ತನಕ, ಎಂಟು ತಿಂಗಳು, ಗೊಜ್ಜು ಇಬ್ಬರೂ ಸೇರಿ ಮಾಡಿದರು. ಎಂಟು ತಿಂಗಳು ಕಡಿಮೆಯೇ. ಆದರೆ ಸಿಗದೇ ಹೋಗಬಹುದಾಗಿದ್ದ ಎಂಟು ತಿಂಗಳು ಅವು.

ಈ ವರ್ಷ ಹುಣಸೆ ಬಂದಿದೆ. ಪರಮಶಿವಯ್ಯ ಎರಡು ಕೆಜಿ ಕಟ್ಟಿಸಿ ಕಳಿಸಿದ್ದಾನೆ. ಮಹಾನಂದ ಮೊನ್ನೆ ಚಾಮರಾಜಪೇಟೆಯ ತನ್ನ ಅಡುಗೆಮನೆಯಲ್ಲಿ, ಎಣ್ಣೆ ಮೇಲೆ ತೇಲುವ ತನಕ, ಒಬ್ಬಳೇ ಕೈಯಾಡಿಸಿದಳು. ಎರಡು ದಿನ ಆರಲು ಬಿಟ್ಟಳು. ಮೊದಲ ಬಾಟಲಿ ಪ್ರತಿಭಾಳಿಗೆ, ಅವಳ ಅಮ್ಮನಿಗೆ. ಉಳಿದದ್ದರಲ್ಲಿ ಸ್ವಲ್ಪವನ್ನು ಬಿಸಿ ಅನ್ನಕ್ಕೆ ಕಲಸಿ, ಮಧುಸೂದನ್ ತಂದುಕೊಟ್ಟಿದ್ದ, ಆಂಡಾಳ್ ಹೆಸರು ಕೊರೆದ ಡಬ್ಬಿಗೆ ತುಂಬಿದಳು. ಅಗುಳು ಒಡೆದಿರಲಿಲ್ಲ.