ನಮ್ಮ ಓಣಿಯ ರೊಟ್ಟಿ ಪಾಳಿ

ಸುದ್ದಿ ಬಂದಾಗ ನಾನು ಮಠದ ದಾಸೋಹಕ್ಕೆ ರೊಟ್ಟಿ ಬಡಿಯುತ್ತಿದ್ದೆ. ಆ ಸೋಮವಾರ ನಮ್ಮ ಮನೆಯ ಪಾಳಿ. ಪರಾತದಲ್ಲಿ ಅರ್ಧ ಹಿಟ್ಟು ಇನ್ನೂ ಉಳಿದಿತ್ತು, ಹಂಚಿನ ಮೇಲೊಂದು ರೊಟ್ಟಿ ಇತ್ತು. ಕಿರಾಣಿ ಅಂಗಡಿಯವರು ಬಂದು ಬಾಗಿಲಲ್ಲಿ ನಿಂತರು. ಆಗ ನಮ್ಮ ಓಣಿಗೆಲ್ಲ ಅವರ ಅಂಗಡಿಯದೊಂದೇ ಫೋನು.

"ವೈನಿ, ಒಲಿ ಆರಿಸ್ರಿ," ಎಂದರು.

ಸತ್ತರು ಎಂದು ಬಾಯಿಬಿಟ್ಟು ಹೇಳಲಾರದವರು ಹಾಗೆ ಹೇಳುತ್ತಾರೆ. ಮಣ್ಣು ಮಾಡಿ ಬರುವ ತನಕ ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನಾನು ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದೆ, ಬೇಯಿಸಿ ಬುಟ್ಟಿಗೆ ಇಟ್ಟೆ, ಆಮೇಲೆ ಒಲೆಗೆ ನೀರು ಚಿಮುಕಿಸಿದೆ. ಆ ಒಂದು ರೊಟ್ಟಿಯನ್ನು ಯಾಕೆ ಬೇಯಿಸಿದೆನೋ ಗೊತ್ತಿಲ್ಲ. ಕೈಗೆ ರೂಢಿ.

ಅತ್ತೆಯವರಿಗೆ ಉಸಿರಿನ ತೊಂದರೆಯಾಗಿ ಸಿಂದಗಿಯ ದವಾಖಾನೆಗೆ ಸೇರಿಸಿದ್ದೆವು. ನಮ್ಮ ಮನೆಯವರು ಅಲ್ಲೇ ಇದ್ದರು. ಜೀಪು ಹತ್ತುವಾಗಲೂ ಅತ್ತೆಯವರಿಗೆ ತಮ್ಮ ಉಸಿರಿನ ಚಿಂತೆ ಇರಲಿಲ್ಲ.

"ಸೋಮಾರ ನಮ್ಮ ಪಾಳಿ ಐತಿ. ನಾ ಬರ್ಲಿ ಬಿಡ್ಲಿ, ರೊಟ್ಟಿ ಹೋಗಬೇಕ ನೋಡು."

"ಹೋಗ್ತಾವ್ರಿ ಅತ್ತಿ. ನೀವು ಆರಾಮಾಗಿ ಬರ್ರಿ."

"ಅಂಚು ಸಣ್ಣ ಮಾಡು. ಎಮ್ಮಿ ತುಳದಂಗ ಮಾಡಬ್ಯಾಡ."

ಅವರು ನನಗೆ ಆಡಿದ ಕೊನೆಯ ಮಾತು ಅದೇ.

ದೇವರ ಹಿಪ್ಪರಗಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಈ ಮನೆಗೆ ಸೊಸೆಯಾಗಿ ಬಂದವರು ಅವರು. ಇಂಡಿ ಕಡೆಯಿಂದ ಲಿಂಬೆ ಸಸಿ ತರಿಸಿ ಬಾವಿಯ ಸುತ್ತ ಹಚ್ಚಿದರು. ಮೋಟಾರು ಬರುವ ತನಕ ಒಂದೊಂದು ಗಿಡಕ್ಕೂ ಕೊಡದಲ್ಲಿ ನೀರು ಹೊತ್ತರು. ಬಚ್ಚಲ ನೀರು ಹರಿಯುವ ಕಡೆ ಮಲ್ಲಿಗೆ, ಸೇವಂತಿಗೆ. ಹೂವೆಲ್ಲ ಮಠಕ್ಕೆ, ಉಳಿದರೆ ಊರಿನ ಮದುಮಗಳಿಗೆ. ತಾವು ಮುಡಿದದ್ದನ್ನು ನಾನು ಕಾಣೆ. ಹೊಲದ ಕೆಲಸ ಮುಗಿಸಿ ಬಂದ ಮೇಲೆ ಅವರ ಎರಡನೆಯ ದಿನ ಶುರುವಾಗುತ್ತಿತ್ತು: ಹೆರಿಗೆಯಾದ ಮನೆ, ಜ್ವರ ಬಂದ ಮನೆ, ಮಠ. ಪಕ್ಕದೂರಿನ ಆ ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ನಿಂತು, ಪ್ರತಿ ಸೋಮವಾರ ನಮ್ಮ ಓಣಿಯ ರೊಟ್ಟಿ ಎಂದು ಅವರೇ ಒಪ್ಪಿಕೊಂಡು ಬಂದಿದ್ದರು. ವಾರಕ್ಕೊಂದು ಮನೆಯ ಪಾಳಿ. ಯಾರ ಪಾಳಿ ಯಾವಾಗ ಎಂಬುದು ಅವರ ತಲೆಯಲ್ಲೇ ಇರುತ್ತಿತ್ತು. ಸುತ್ತಲಿನ ಊರುಗಳಲ್ಲಿ ಸಾವಾದ ಮನೆಗೆ ಆ ಹೊತ್ತಿನ ಊಟ ಮಠದಿಂದಲೇ ಹೋಗಬೇಕು ಎಂದು ಅಜ್ಜನವರಿಗೆ ದುಂಬಾಲು ಬಿದ್ದು ಆ ಪದ್ಧತಿ ಹಚ್ಚಿದವರೂ ಅವರೇ.

ಸೇವೆ ಅವರದು, ರಟ್ಟೆ ನಮ್ಮದು. ಇದನ್ನು ಅವರ ಮುಂದೆ ಅನ್ನಲಿಲ್ಲ, ಶಿವನ ಮುಂದೆ ಎಷ್ಟೋ ಸಲ ಅಂದಿದ್ದೇನೆ. ನಮ್ಮ ಪಾಳಿಯ ಸೋಮವಾರ ನಾನು ಏಳುವ ಹೊತ್ತಿಗೆ ಅವರು ಎಸರಿಟ್ಟು ಕಾಯುತ್ತಿದ್ದರು. ದಣಿವಾಗಿದೆ ಎಂದರೆ, "ದಣಿವು ಎಲ್ಲಾರ್ಗೂ ಐತಿ, ಹಸಿವಿನೂ ಎಲ್ಲಾರ್ಗೂ ಐತಿ" ಎಂದು ಹಿಟ್ಟು ನಾದಿ ನನ್ನ ಮುಂದಿಡುತ್ತಿದ್ದರು.

ಆ ದಿನ ಅರ್ಧ ಹಿಟ್ಟು ಹಾಗೇ ಉಳಿಯಿತು. ಜೋಳದ ಹಿಟ್ಟು ಕಾಯುವುದಿಲ್ಲ, ಜಿಗಿ ಹೋದರೆ ಬಡಿದಂತೆಲ್ಲ ಬಿರಿಯುತ್ತದೆ. ರೊಟ್ಟಿ ಬುಟ್ಟಿಯನ್ನು ಮಠದ ಬಾಗಿಲಿಗೆ ಇಳಿಸುವ ಬಸ್ಸಿಗೂ ಬಹಳ ಹೊತ್ತಿರಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಕಾಕು ಅಳುತ್ತಾ ಬಂದರು. ಅತ್ತೆಯವರ ಓರಗೆಯವರು, ಜಗಳಕ್ಕೂ ಜೊತೆಗೂ ಒಬ್ಬರಿಗೊಬ್ಬರು. ನನ್ನನ್ನು ಹಿಡಿದು ಅತ್ತರು. ಅಳು ನಿಂತ ಮೇಲೆ ನಾನು ಪರಾತ ತೋರಿಸಿದೆ.

"ಸತ್ತ ಮನಿ ಹಿಟ್ಟು ಮಠಕ್ಕ ಹೆಂಗ ಕಳಸ್ತಿ? ಈ ವಾರ ಬಿಡು. ಅಜ್ಜಾರು ಏನ್ ಬೈತಾರ?"

"ನಮ್ಮ ಲಿಂಗವಂತರಾಗ ಸೂತಕ ಇಲ್ಲಲ್ರಿ ಕಾಕು. ಅತ್ತಿನೇ ಹೇಳ್ತಿದ್ರು."

"ಸೂತಕ ಇಲ್ಲ, ಖರೆ. ಒಲಿ ಆರೈತಿಲ್ಲೋ?"

"ನಿಮ್ಮ ಒಲಿ ಉರ್ಯಾಕತ್ತೈತಲ್ರಿ."

ಕಾಕು ನನ್ನ ಮುಖ ನೋಡಿದರು, ಪರಾತ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ನಿಮ್ಮತ್ತಿ ಸತ್ತೂ ನನಗ ಕೆಲಸ ಹಚ್ಚಿದ್ಳು ನೋಡು," ಎಂದು ಪರಾತ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ನಡೆದರು.

ನಾನು ಪಡಸಾಲೆ ಸಾರಿಸಿದೆ, ಕಂಬಳಿ ತೆಗೆದಿಟ್ಟೆ, ವಿಭೂತಿ ಹುಡುಕಿದೆ. ಬಂದ ಹೆಂಗಸರು ಅಳುತ್ತಿದ್ದರು, ಎದುರು ಮನೆಯಿಂದ ಪಟಪಟ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನನಗೆ ಅಳು ಬರಲಿಲ್ಲ, ಕಿವಿಯೆಲ್ಲ ಆ ಸಪ್ಪಳದ ಮೇಲೇ ಇತ್ತು. ಅದು ಮುಗಿಯುವ ಮೊದಲು ಬಸ್ಸು ಬಂದರೆ ಅವರಿಗೆ ಕೊಟ್ಟ ಮಾತು ನನ್ನಿಂದ ತಪ್ಪಿದಂತೆ. ಶಿವ ದೊಡ್ಡವನು, ಆ ದಿನ ಬಸ್ಸು ತಡವಾಯಿತು. ಅಂಗಡಿಯವರು ಎರಡೂ ಮನೆಯ ರೊಟ್ಟಿ ಸೇರಿಸಿದ ಬುಟ್ಟಿಗೆ ಬಟ್ಟೆ ಕಟ್ಟಿ ಕಂಡಕ್ಟರನ ಕೈಗೆ ಕೊಟ್ಟು ಬಂದು, "ಹೋದ್ವು ನೋಡ್ರಿ ವೈನಿ" ಎಂದರು. ಆಗ ನಾನು ಗೋಡೆ ಹಿಡಿದು ಕುಳಿತೆ. ಆಗ ಅಳು ಬಂತು.

ಮಧ್ಯಾಹ್ನ ಜೀಪು ಬಂತು. ನಮ್ಮ ಪದ್ಧತಿಯಂತೆ ಅತ್ತೆಯವರಿಗೆ ವಿಭೂತಿ ಧರಿಸಿ ಗೋಡೆಗೆ ಆನಿಸಿ ಕೂಡಿಸಿದರು. ಹಗಲು ಹೊತ್ತು ಅವರು ಕೈಯಲ್ಲಿ ಕೆಲಸವಿಲ್ಲದೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ತೋಟದಲ್ಲಿ ಲಿಂಬೆ ಸಾಲಿನ ಕೊನೆಗೆ ಅವರೇ ಹಚ್ಚಿದ ಬಿಲ್ವಪತ್ರಿ ಗಿಡದ ಬದಿಗೆ ಕುಣಿ ತೋಡಿದರು. ಹಿಂದಿನ ದಿನ ನಾನು ಲಿಂಬೆಗೆ ನೀರು ಬಿಟ್ಟಿದ್ದೆ. ಮಣ್ಣು ಮೆತ್ತಗಿತ್ತು, ತೋಡುವವರಿಗೆ ತ್ರಾಸಾಗಲಿಲ್ಲ. ಇದೂ ಶಿವನ ಕರುಣೆಯೇ.

ಮಣ್ಣು ಮಾಡಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಮಠದಿಂದ ಊಟ ಬಂದಿತ್ತು, ಅವರೇ ಹಚ್ಚಿದ ಪದ್ಧತಿಯಂತೆ. ಒಂದು ಕೊಳಗ ಬೇಳೆ ಸಾರು, ಬಟ್ಟೆ ಕಟ್ಟಿದ ರೊಟ್ಟಿ ಬುಟ್ಟಿ. ಬುಟ್ಟಿ ನಮ್ಮದೇ. ಬಟ್ಟೆ ಬಿಚ್ಚಿದ ಕಾಕು ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು.

"ಇದು ನಂದಲ್ಲವ್ವಾ. ಅಂಚ ನೋಡು. ಇದು ನಿಂದ."

ಬಾಯಿಗೆ ಸೆರಗು ಹಿಡಿದು ಒಬ್ಬಿಬ್ಬರು ನಕ್ಕರು. ನಮ್ಮ ಮನೆಯವರೂ ತಲೆ ತಗ್ಗಿಸಿ ನಕ್ಕರು. ಕಾಕು ಅದೇ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದರು. ಮಠಕ್ಕೆ ಹೋದ ನನ್ನ ರೊಟ್ಟಿಯನ್ನು ನಾನು ತಿಂದದ್ದು ಅದೇ ಮೊದಲು. ಅಂಚು ದಪ್ಪವೇ ಇತ್ತು. ಬೇರೆಯವರು ಬಡಿಸಿದ್ದನ್ನು ಕುಳಿತು ಉಂಡೆ. ನಡುವೆ ಏಳು ಎಂದು ಯಾರೂ ಹೇಳಲಿಲ್ಲ.

ಊಟವಾದ ಮೇಲೆ ತಾಟು ಸರಿಸುತ್ತಾ ಯಾರೋ ಕೇಳಿದರು, "ಬರೋ ಸೋಮಾರ ಯಾರ ಪಾಳಿ? ಕೇಳಬೇಕಂದ್ರ ಹೇಳಾಕಿನೇ ಹೋದ್ಳು."

ನಾನು ಸುಮ್ಮನೆ ಇದ್ದುಬಿಟ್ಟಿದ್ದರೆ ಪಾಳಿ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನನಗೆ ಸಾಕಾಗಿತ್ತು, ಮುಗಿದರೆ ಮುಗಿಯಲಿ ಎನ್ನುವಷ್ಟು ಸಾಕಾಗಿತ್ತು. ಆದರೆ ಬಾಯಿಂದ ಮಾತು ಬಂದುಬಿಟ್ಟಿತ್ತು.

"ಕಾಕೂದು."

"ಇವತ್ತ ಬಡದೇನಲ್ಲ, ಅದು ಲೆಕ್ಕಕ್ಕ ಬರಂಗಿಲ್ಲೇನು?" ಎಂದರು ಕಾಕು.

"ಅದು ನಮ್ಮ ಪಾಳಿದ್ರಿ."

ಕಾಕು ಖಾಲಿ ಪರಾತ ತಂದು ನನ್ನ ಮುಂದಿಟ್ಟು ಮನೆಗೆ ಹೋದರು. ಆ ಮಾತು ಹೊರಬಿದ್ದಂದಿನಿಂದ ಪಾಳಿ ನನ್ನ ತಲೆಯಲ್ಲೇ ಇದೆ.

ಮರುದಿನ ಬೆಳಿಗ್ಗೆ ಬುಟ್ಟಿ ತೆಗೆದುಕೊಂಡು ತೋಟಕ್ಕೆ ಹೋದೆ. ಲಿಂಬೆ ಹಣ್ಣಾದರೆ ತಾನೇ ಉದುರುತ್ತದೆ, ಬಿಸಿಲೇರುವ ಮೊದಲು ಆರಿಸಿಕೊಳ್ಳಬೇಕು. ಅದು ಅತ್ತೆಯವರ ಕೆಲಸವಾಗಿತ್ತು. ಹಿಂದಿನ ದಿನ ಯಾರೂ ಆರಿಸಿರಲಿಲ್ಲವಾದ್ದರಿಂದ ಗಿಡದ ಬುಡವೆಲ್ಲ ಹಳದಿಯಾಗಿತ್ತು. ನಡು ನೋಯುತ್ತಿತ್ತು. ಒಂದೊಂದೇ ಗಿಡ ಮುಗಿಸುತ್ತಾ ಬಿಲ್ವಪತ್ರಿಯ ತನಕ ಬಂದೆ. ಹೊಸ ಮಣ್ಣಿನ ಮೇಲೂ ಕೆಲವು ಬಿದ್ದಿದ್ದವು. ಬಗ್ಗಿ ಅವನ್ನೂ ಆರಿಸಿಕೊಂಡೆ.