ಫಕ್ರುಸಾಬನ ಅರಳೆ, ಪ್ರಿನ್ಸನ ಕಣ್ಣು

ಗದಗ ಜಿಲ್ಲೆ ಆದಮೇಲೆ ಬೆಟಗೇರಿಗೆ ಬಂದ ಭಾಗ್ಯ ಒಂದೆರಡಲ್ಲ. ಕಚೇರಿ ಬಂದವು, ಅವುಗಳ ಮುಂದೆ ಧರಣಿ ಕೂಡುವವರು ಬಂದರು, ಕಡೆಗೆ ಗತಿಯಿಲ್ಲದ ನಾಯಿಗಳಿಗೂ ಒಂದು ದಯಾಸಂಘ ಬಂತು. ಸಂಘದ ಕಾರ್ಯದರ್ಶಿ ವನಿತಾ, ಕಾಲೇಜಿನಲ್ಲಿ ಪಾಠ ಹೇಳುವ ಅಕ್ಕಾರು. ಹಳೇ ಗಾದಿ ಹಿಂಜಿಸಲೆಂದು ಪಿಂಜಾರ ಫಕ್ರುಸಾಬನ ಮನೆಗೆ ಆಟೋದಲ್ಲಿ ಬಂದವರು, ಗಾದಿಯ ಜತೆಗೆ ಪ್ರಿನ್ಸ್ ಎಂಬ ಹನ್ನೆರಡು ವರ್ಷದ ಒಂದು ನಾಯಿಯನ್ನೂ ಇಳಿಸಿದರು.

"ಎಂಟು ದಿನ ಇಟ್ಕೋರಿ ಕಾಕಾ. ಕಾಯಂ ಸಾಕವ್ರು ಸಿಕ್ಕಕೂಡ್ಲೆ ಒಯ್ತೀನಿ."

ಎಂಟು ತಿಂಗಳಾಯಿತು. ಫೇಸ್‌ಬುಕ್ಕಿನಲ್ಲಿ ಪ್ರಿನ್ಸನ ಫೋಟೋಕ್ಕೆ ಮುನ್ನೂರು ಮಂದಿ ಕಣ್ಣೀರು ಹಾಕಿದರು. ಮನೆಗೆ ಒಯ್ಯಲು ಒಬ್ಬರೂ ಬರಲಿಲ್ಲ. ಬಲಗಣ್ಣು ಸುಣ್ಣದಂತೆ ಬೆಳ್ಳಗಾದ, ಎಡಗಣ್ಣಿನಲ್ಲಿ ಒತ್ತಡ ಏರಿದ ಮುದಿನಾಯಿಯ ಮೇಲಿನ ಪ್ರೀತಿಗೆ ಮೊಬೈಲೇ ಸಾಕಾಗುತ್ತದೆ.

ಉಳಿದಿದ್ದ ಎಡಗಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕಿತ್ತು. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜು ಆಗದು. ಫಕ್ರುಸಾಬ ಹರಕು ಅಂಗಿಯೊಂದನ್ನು ಮೊಳೆಗೆ ನೇತುಹಾಕಿ, ಹನಿ ಹಾಕುವಾಗಷ್ಟೇ ತೊಡುತ್ತಿದ್ದ. ಹತ್ತಿಯ ಧೂಳು ಕಣ್ಣಿಗೆ ಆಗದೆಂದು ಹಿಂಜುವ ಮಶೀನನ್ನೂ ಹಿತ್ತಲಿಗೆ ಸಾಗಿಸಿದ.

"ನಾ ಕೆಮ್ಮಿದಾಗ ಮಶೀನು ಒಂದು ಗೇಣು ಸರಿಲಿಲ್ಲ," ಹೆಂಡತಿ ಅಲ್ಮಾಸಬಿ ಅಂದಳು. "ನಿಮ್ಮ ಬೀಗರ ಕಣ್ಣಾಗ ನೀರು ಬಂದ್ರ ಹಿತ್ತಲಕ್ಕ ಹೊಂಟ್ತು!"

"ಅದಕ್ಕ ಬಾಯಿಲ್ಲಲೇ. ನಿನಗ ಬೇಕಾದಷ್ಟೈತಿ."

ಅಲ್ಲಿತನಕ ಅರಿವೆಯಿಂದ ಒರೆಸುತ್ತಿದ್ದ ಕಣ್ಣಿಗೆಂದು ವನಿತಾ ಒಂದು ದಿನ ಔಷಧ ಅಂಗಡಿಯ ಹತ್ತಿಯ ಕಟ್ಟು ಕೊಟ್ಟುಹೋದರು. ಫಕ್ರುಸಾಬನಿಗೆ ಅದು ಜೀವಮಾನದ ಅವಮಾನ. ನಲವತ್ತು ವರ್ಷ ಅರಳೆ ಹಿಂಜಿದವನಿಗೆ ಚೀಟಿ ಅಂಟಿಸಿದ ಹತ್ತಿಯೇ? ಅದನ್ನು ಯಾರದೋ ತಲೆದಿಂಬಿಗೆ ತುರುಕಿ, ತಾನು ಹಿಂಜಿದ ಅರಳೆಯಿಂದಲೇ ಕಣ್ಣು ಒರೆಸಿದ. ದೇಶದಲ್ಲಿ ಸ್ವಾಭಿಮಾನಕ್ಕೆ ಬರವಿಲ್ಲ. ಖರ್ಚು ಮಾತ್ರ ಪಕ್ಕದವರ ಮೈಮೇಲೆ ಬೀಳುತ್ತದೆ.

ಅರಳೆ ಹಚ್ಚತೊಡಗಿದ ನಾಲ್ಕನೇ ದಿನ ಪ್ರಿನ್ಸನ ಎಡಗಣ್ಣು ಕೆಂಪಗೆ ಊದಿ ಮುಚ್ಚಿಕೊಂಡಿತು. ನಾಯಿ ಕೂಳು ಬಿಟ್ಟಿತು, ತಲೆಯನ್ನು ಗೋಡೆಗೆ ಒತ್ತಿ ನಿಂತಿತು. ಫಕ್ರುಸಾಬ ಮೊದಲು ಹನಿಯನ್ನು ಬೈದ, ಆಮೇಲೆ ಸಂಘವನ್ನು, ಆಮೇಲೆ ಸರಕಾರವನ್ನು. ಬೈಗುಳ ತೀರಿದಮೇಲೆ ವನಿತಾಗೆ ಫೋನು ಮಾಡಿದ. ಅವರು ತಂದ ಆಟೋವನ್ನು ಅಲ್ಮಾಸಬಿಯೂ ಹತ್ತಿದಳು. ಮೂವರೂ ಸೇರಿ ನಾಯಿಯನ್ನು ದನದ ದವಾಖಾನೆಗೆ ಒಯ್ದರು.

ಡಾಕ್ಟರು ಬೀರಲಿಂಗಪ್ಪ ಬ್ಯಾಟರಿ ಬಿಟ್ಟು, ರೆಪ್ಪೆ ಮಗುಚಿ, ಚಿಮಟಿಗೆಯಿಂದ ಒಂದು ಎಳೆ ಎಳೆದರು. ಎಳೆಯ ತುದಿಗೆ ಹತ್ತಿಕಾಳಿನ ಸಿಪ್ಪೆಯ ಚೂರು ಅಂಟಿತ್ತು.

"ಇದು ಒಳಗ ಕುಂತು ಕಣ್ಣಗುಡ್ಡಿ ಗೀರೇತಿ. ಕೀವು ತುಂಬೇತಿ. ಇನ್ನ ಈ ಕಣ್ಣು ಉಳಿಯಂಗಿಲ್ಲ, ತೆಗಿಯೋದ. ತೆಗದ್ರ ನೋವರ ಹೋಗತೈತಿ."

ವನಿತಾ ಉರಿದೆದ್ದರು. "ಹತ್ತೀನೂ ಕಲಬೆರಕಿ ಮಾಡ್ತಾರಂದ್ರ! ಬಿಡಂಗಿಲ್ಲ ಸರ್, ಕಂಪನಿ ಮ್ಯಾಲ ದೂರು ಬರೀತೀನಿ. ಕಾಕಾ, ನೀವು ಸಾಕ್ಷಿ ಆಗ್ರಿ."

ಫಕ್ರುಸಾಬ ಸುಮ್ಮನಿದ್ದರೆ ಸಾಕಿತ್ತು. ಹೋರಾಟ ತಾನಾಗಿಯೇ ನಡೆಯುತ್ತಿತ್ತು: ಮನವಿ ಪತ್ರ, ಫೋಟೋ, ಪೇಪರಿನಲ್ಲಿ ಹೆಸರು. ಖರೆ ಹೇಳಿದರೆ ನಾಯಿಯನ್ನು ಕಸಿದುಕೊಂಡು ಹೋಗುತ್ತಾರೆ. ಕಟ್ಟೆಯ ಮೇಲಿದ್ದ ಪ್ರಿನ್ಸ್ ಅವನ ವಾಸನೆ ಹಿಡಿದು, ಊದಿದ ಮುಖವನ್ನು ಅವನ ತೋಳಿಗೆ ತಂದು ಆನಿಸಿತು.

"ಬರೀಬ್ಯಾಡ್ರಿ ಅಕ್ಕಾರ," ಅಂದ. "ಕಂಪನಿ ಹತ್ತಿ ಯಾರದೋ ತಲಿದಿಂಬಿನ್ಯಾಗೈತಿ. ಇದು ನಾ ಹಿಂಜಿದ್ದು."

ವನಿತಾ ದೂರು ಬರೆಯಲು ತೆಗೆದ ಪೆನ್ನನ್ನು ಚೀಲಕ್ಕೆ ಹಾಕಿದರು. ಡಾಕ್ಟರು ಕೈ ತೊಳೆಯಲು ಹೋದರು.

"ಹಂಗಾದ್ರ ಆಪರೇಶನ್ ಆದಮ್ಯಾಲ ನಾಯಿ ನಾ ಒಯ್ತೀನಿ ಕಾಕಾ. ನಿಮ್ಮ ಕೈಯಾಗ ಬಿಡಾಕ ಆಗಂಗಿಲ್ಲ."

ಅಷ್ಟೂ ಹೊತ್ತು ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದ ಅಲ್ಮಾಸಬಿ ಸೆರಗು ಬಿಗಿದು ಒಳಗೆ ಬಂದಳು.

"ಇವರ ಕೈಯಾಗ ಯಾರು ಬಿಡ್ರಿ ಅಂದಾರ? ಹೊಲಗಿ ಎಷ್ಟು ದಿನ ಇರ್ತೈತಿ, ಯಾವ ಮುಲಾಮು ಹಚ್ಚಬೇಕು, ಎಲ್ಲಾ ನನಗ ಹೇಳ್ರಿ."

ವನಿತಾ ಒಪ್ಪಿದರು. ಆಪರೇಶನ್ ಆದಮೇಲೆ ಹದಿನೈದು ದಿನ ಹಾಗೆಯೇ ನಡೆಯಿತು. ಮುಲಾಮು ಅಲ್ಮಾಸಬಿಯದು, ಹುಕುಂ ಅವಳದು. ಪ್ರಿನ್ಸ್ ಎರಡೂ ಹೊತ್ತು ಗಬಗಬ ತಿಂದು, ಹೊಲಿದಿಟ್ಟ ಗಾದಿಯ ಮೇಲೆ ಗೊರಕೆ ಹೊಡೆಯಿತು. ಫಕ್ರುಸಾಬನ ಕೆಲಸ ಒಂದೇ, ನಾಯಿಯ ತಲೆ ಅಲುಗದಂತೆ ಹಿಡಿಯುವುದು.

"ಗಟ್ಟಿ ಹಿಡೀರಿ," ಅವಳು ಗದರುತ್ತಿದ್ದಳು. "ಹತ್ತಿ ಮುಟ್ಟಿದ್ರ ನೋಡ್ರಿ ಮತ್ತ."