ಒಲೆ ಹಚ್ಚದ ಬೆಳಗು

ಆ ಬ್ರೆಡ್ ಕಾಗದದ ಪೊಟ್ಟಣ ಬಿಚ್ಚಬೇಡ ಮಗಾ, ಅದರೊಳಗೆ ಬನ್ ಇಲ್ಲ. ಏನಿದೆ ಅಂತ ಹೇಳುತ್ತೇನೆ, ಕೂತುಕೋ. ಹೇಳಬೇಕಾದರೆ ನನ್ನ ಅಳಿಯನಿಂದಲೇ ಶುರು ಮಾಡಬೇಕು.

ಅಳಿಯನದು ಬೇಕರಿ. ಕೆಳಗೆ ಒಲೆ, ಮೇಲೆ ಮನೆ. ಊರೆಲ್ಲ ಗೊರಕೆ ಹೊಡೆಯುವಾಗ ಅವನು ಮೊಣಕೈವರೆಗೆ ಹಿಟ್ಟಿನಲ್ಲಿರುತ್ತಾನೆ. ಮಾತು ಕಮ್ಮಿ. ಆಡಿದರೂ ಹಿಟ್ಟಿನ ಜೊತೆಗೇ. 'ಉಬ್ಬು ತಾಯಿ, ಉಬ್ಬು' ಅಂತ ಅದಕ್ಕೆ ಒದ್ದೆ ಬಟ್ಟೆ ಹೊದಿಸುತ್ತಾನೆ. ನನ್ನ ಮಗಳಿಗೆ ಅಷ್ಟು ಅಕ್ಕರೆಯಿಂದ ಒಂದು ಕಂಬಳಿ ಹೊದಿಸಿದ್ದು ನಾನಂತೂ ಕಾಣೆ. ಇರಲಿ ಬಿಡು.

ಅವನ ಜೀವವೆಲ್ಲ ಅಳಿಲಿನ ಮೇಲೆ. ಅಳಿಲು ಅಂದರೆ ನನ್ನ ಮೊಮ್ಮಗಳು. ಬನ್ನಿನ ಘಮ ಮೆಟ್ಟಿಲು ಹತ್ತಿದರೆ ಸಾಕು, ಎದ್ದು ಕೆಳಗೆ ಓಡುತ್ತಾಳೆ. ಸ್ಟೂಲ್ ಕೊಟ್ಟರೆ ಬೇಡ, ಅಪ್ಪನ ಪಕ್ಕ ನಿಂತೇ ತಟ್ಟೆಗಳಿಗೆ ಎಣ್ಣೆ ಸವರಬೇಕು.

ಒಂದು ಸಲ ಶಾಲೆಯ ತಪಾಸಣೆಯಲ್ಲಿ ಅವಳ ಮೂತ್ರಕ್ಕೆ ಅದ್ದಿದ ಹಳದಿ ಪಟ್ಟಿ ಹಸಿರಾಯಿತು. ಪ್ರೋಟೀನ್ ಹೋಗುತ್ತಿದೆ ಎಂದರು. ಅಳಿಯ ಹಿಟ್ಟಿನ ಕೈಯಲ್ಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ಮಕ್ಕಳ ಡಾಕ್ಟರಮ್ಮ ಸಮಾಧಾನದಿಂದಲೇ ಹೇಳಿದರು, "ಜ್ವರ ಬಂದಾಗ, ಓಡಿ ದಣಿದಾಗ, ತುಂಬಾ ಹೊತ್ತು ನಿಂತಾಗಲೂ ಹೀಗೆ ಬರುತ್ತೆ. ಮಲಗೋ ಮುಂಚೆ ಒಂದಕ್ಕೆ ಕಳಿಸಿ. ಬೆಳಿಗ್ಗೆ ಎದ್ದ ಕೂಡಲೇ ಮೊದಲನೇದನ್ನ ಹಿಡಿದು ತನ್ನಿ. ಅದರಲ್ಲೂ ಬಂದ್ರೆ ಕಿಡ್ನಿ ಕಡೆ ಸರಿಯಾಗಿ ನೋಡಬೇಕಾಗುತ್ತೆ. ಸೂಜಿ ಹಾಕಿ ಪರೀಕ್ಷೆಗೆ ಅದರದೊಂದು ಚೂರು ತೆಗೆಯೋದೂ ಇರಬಹುದು."

ಅಳಿಯ ಸೂಜಿ ಎಂಬ ಮಾತೊಂದನ್ನೇ ಹಿಡಿದು ಮನೆಗೆ ಬಂದ. ಮಾರನೇ ದಿನ ಬಾಟಲಿ ಕೊಟ್ಟ. ಪಟ್ಟಿ ಮತ್ತೆ ಹಸಿರು.

"ಎದ್ದ ಕೂಡಲೇ ಹಿಡಿದಿದ್ದು ತಾನೇ?" ಡಾಕ್ಟರಮ್ಮ ಕೇಳಿದರು.

"ಹೌದಮ್ಮ, ಅಂಗಡಿ ಬಾಗಿಲು ತೆಗೆಯೋ ಮುಂಚೆನೇ."

"ಅಷ್ಟೊತ್ತಿಗೆ ಬನ್ ಎಲ್ಲಾ ಇಳಿಸಾಗಿತ್ತು" ಎಂದಳು ಅಳಿಲು. "ಎದ್ದಾಗ ಮಾಡಿದ್ದನ್ನ ಅಪ್ಪ ಹಿಡೀಲೇ ಇಲ್ಲ. ಅದು ರಾತ್ರೀದು, ಬೇಡ ಅಂದ್ರು."

ಬೇಕರಿಯವನಿಗೆ ಬಾಗಿಲು ತೆಗೆದ ಮೇಲೆಯೇ ಬೆಳಗು. ಅದಕ್ಕೆ ಮುಂಚಿನದೆಲ್ಲ ರಾತ್ರಿಯ ಲೆಕ್ಕ. ಡಾಕ್ಟರಮ್ಮ ನಕ್ಕು ಇನ್ನೊಂದು ಬಾಟಲಿ ಕೊಟ್ಟರು.

ಮನೆಗೆ ಬಂದವನೇ, "ನಾಳೆ ಒಲೆ ಹಚ್ಚಲ್ಲ" ಎಂದ.

"ನಾನು ಹಿಡೀತೀನಲ್ಲ, ನೀವು ಕೆಲಸ ನೋಡಿ" ಎಂದಳು ನನ್ನ ಮಗಳು.

"ಘಮ ಬಂದ್ರೆ ನೀನು ಕಣ್ಣು ಬಿಡೋದ್ರೊಳಗೆ ಅವಳು ಕೆಳಗೆ ನಿಂತಿರ್ತಾಳೆ."

ಮದುವೆಯ ದಿನವೂ ಒಲೆ ಹಚ್ಚಿ ಬಂದಿದ್ದ ಗಂಡು ಅವನು. ಆ ಬೆಳಿಗ್ಗೆ ಮಗಳ ಹಾಸಿಗೆಯ ಪಕ್ಕ ಬಾಟಲಿ ಹಿಡಿದು ಕೂತ. ಅವಳು ಕಣ್ಣುಜ್ಜಿದ್ದೇ ತಡ, ಹಿಟ್ಟಿನ ಮೂಟೆಯಂತೆ ಹೆಗಲಿಗೇರಿಸಿ ಬಚ್ಚಲಿಗೆ ಹೊತ್ತೊಯ್ದ. "ಅಪ್ಪಾ, ನಂಗೆ ಕಾಲಿದೆ" ಎಂದರೂ ಕೇಳಲಿಲ್ಲ.

ಕೆಳಗೆ ಗಿರಾಕಿಗಳ ಗೊಣಗಾಟ. "ಏನಪ್ಪಾ, ಒಲೆಗೂ ರಜೆ ಕೊಟ್ಟೆಯಾ?"

"ಇವತ್ತು ನಮ್ಮನೇಲಿ ಬೆಳಗಾಗಿದ್ದು ತಡ ಸ್ವಾಮಿ" ಎಂದು ಲ್ಯಾಬಿಗೆ ನಡೆದ.

ಪಟ್ಟಿ ಹಳದಿಯಾಗಿಯೇ ಉಳಿಯಿತು. ಲ್ಯಾಬಿನಲ್ಲಿ ಅಳೆದು ನೋಡಿದರೂ ಸರಿಯಿತ್ತು. ಅದೇ ದಿನ ಮಧ್ಯಾಹ್ನ ಹಿಡಿದದ್ದು ಮಾತ್ರ ಹಸಿರು. ಡಾಕ್ಟರಮ್ಮ, "ಇದು ನಿಂತಾಗ, ಓಡಾಡುವಾಗ ಮಾತ್ರ ಬರೋದು. ಬೆಳೆಯೋ ಮಕ್ಕಳಲ್ಲಿ ಇರುತ್ತೆ. ಔಷಧಿ ಬೇಡ, ಸೂಜಿನೂ ಬೇಡ. ವರ್ಷಕ್ಕೊಮ್ಮೆ ನೋಡೋಣ" ಎಂದರು.

"ಹಾಗಾದ್ರೆ ಅಪ್ಪನ ಹತ್ರ ನಿಲ್ಲಬಹುದಾ?"

"ಎಷ್ಟು ಬೇಕಾದ್ರೂ ನಿಲ್ಲು."

ಅಳಿಯ ಮನೆಗೆ ಬಂದು ಹೊತ್ತಲ್ಲದ ಹೊತ್ತಲ್ಲಿ ಒಲೆ ಹಚ್ಚಿದ. ಸಂಜೆ ಬೀದಿಗೆಲ್ಲ ಬಿಸಿ ಬನ್.

ಈಗ ಗೊತ್ತಾಯಿತಲ್ಲ ಪೊಟ್ಟಣದಲ್ಲಿ ಏನಿದೆಯೆಂದು? ಅಳಿಲಿನ ಈ ವರ್ಷದ ಬಾಟಲಿ. ಬೇಗ ಲ್ಯಾಬಿಗೆ ಕೊಟ್ಟು ಬಾ ಮಗಾ, ದಾರಿಯಲ್ಲಿ ಹರಟೆಗೆ ನಿಲ್ಲಬೇಡ, ನನ್ನ ಮಾತಿಗೇ ಅರ್ಧ ಹೊತ್ತು ಹೋಯಿತು. ಬರುವಾಗ ಬನ್ ಕೇಳಲು ಹೋಗಬೇಡ. ಇವತ್ತೂ ಒಲೆ ಹಚ್ಚಿಲ್ಲ ಅವನು.